ದಾವೂದನ ಹೆಸರು ಹೇಳಿ ಹೊತ್ತಿಸಿದ ಬೆಂಕಿ

ಡೇವಿಡ್ ಎಂಬ ಹೆಸರಿನವರು ಬಂದರೆ ನಮ್ಮ ಮಾವನವರು ಜಗಲಿಯ ಮೇಲೆ ಕುರ್ಚಿ ಹಾಕಿಸುತ್ತಿದ್ದರು. ದಾವೂದ್ ಎಂಬ ಹೆಸರಿನವನು ಬಂದರೆ ಅಂಗಳದಾಚೆ ಬೇಲಿಯ ಹತ್ತಿರವೇ ನಿಲ್ಲಿಸುತ್ತಿದ್ದರು. ಎರಡೂ ಒಂದೇ ಹೆಸರು ಎಂದು ಅವರಿಗೆ ತಿಳಿದಿತ್ತು. ತಿಳಿದ ಮೇಲೂ ಕುರ್ಚಿ ಜಗಲಿಯಲ್ಲೇ ಉಳಿಯಿತು, ಅವನು ಬೇಲಿಯಾಚೆಯೇ ಉಳಿದ. ನನಗೀಗ ವಯಸ್ಸಾಗಿದೆ, ನಿನ್ನೆ ಏನು ಉಂಡೆ ಎಂದು ಕೇಳಿದರೆ ಯೋಚಿಸಬೇಕು. ಆ ವರ್ಷದ ನೆನಪು ಬಂದರೆ ಮಾತ್ರ ಇವತ್ತಿಗೂ ಬಾಯಲ್ಲಿ ಕಿಲುಬಿನ ಒಗರು ಬರುತ್ತದೆ, ಉಗುಳಬೇಕೆನಿಸುತ್ತದೆ. ನಮ್ಮವರ ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನಮ್ಮ ಹೆಸರುಗಳಿಗೆ ಅಷ್ಟು ಮರ್ಯಾದೆ ಬೇಕಾಗಿಲ್ಲ.

ನಾನು ಶಿಕಾರಿಪುರದ ಮಗಳು, ಸೊರಬದ ಸೊಸೆ. ನಯಾಪೈಸೆ ಬಂದ ಮರುವರ್ಷದ, ಐವತ್ತೆಂಟನೇ ಇಸವಿಯ ಮಾತು. ನನಗೆ ಹತ್ತೊಂಬತ್ತು ವರ್ಷ, ಮದುವೆಯಾಗಿ ಮೂರು ವರ್ಷ. ಮಾವನವರಿಗೆ ಪೇಟೆಯಲ್ಲಿ ಅಕ್ಕಿ ವ್ಯಾಪಾರ, ಕುಪ್ಪಗಡ್ಡೆ ಕಡೆ ಗದ್ದೆ. ಮನೆತುಂಬ ಲಿಂಗಪೂಜೆ, ವಿಭೂತಿ, ಮಡಿ. ಮಡಿಯ ಲೆಕ್ಕವೆಲ್ಲ ಅತ್ತೆಯವರ ಕೈಯಲ್ಲಿತ್ತು. ಯಾರು ಯಾವುದನ್ನು ಮುಟ್ಟಿದರು, ಯಾವ ಬಟ್ಟೆ ಯಾವುದಕ್ಕೆ ತಾಗಿತು ಎಂಬುದನ್ನು ಅವರು ನಿದ್ದೆಯಲ್ಲೂ ಮರೆಯುತ್ತಿರಲಿಲ್ಲ.

ಕಲಾಯಿ ಹಾಕುವ ದಾವೂದ್ ನಮ್ಮ ಶಿಕಾರಿಪುರದವನು. ತಾಮ್ರ ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರ ಬಳಿಯುವ ಕೆಲಸ ಅವನದು. ಆ ಪದರ ಇಲ್ಲದಿದ್ದರೆ ಹುಳಿ ತಾಮ್ರಕ್ಕೆ ತಾಗಿ ವಿಷವಾಗುತ್ತದೆ. ನನ್ನ ತವರುಮನೆಯ ಹಿಂದಿನ ಓಣಿಯಲ್ಲಿ ಅಂಥ ನಾಲ್ಕೈದು ಮನೆಗಳಿದ್ದವು. ಚಿಕ್ಕವಳಿದ್ದಾಗ ಅಲ್ಲಿ ಹೋಗಿ ನಿಂತು ನೋಡುತ್ತಿದ್ದೆ. ನೆಲದಲ್ಲಿ ಕುಳಿ ತೋಡಿ ಇದ್ದಲು ತುಂಬುವರು, ಗಾಳಿ ಊದುವ ತೊಗಲಿನ ತಿದಿ ಹೂಳುವರು. ತಿದಿಯನ್ನು ಮೊದಲ ಸಲ ಒತ್ತುವ ಮುಂಚೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ‘ಯಾ ದಾವೂದ್’ ಎನ್ನುವರು. ಆ ಹೆಸರು ಹೇಳದೆ ಬೆಂಕಿ ಹೊತ್ತಿಸುವಂತಿರಲಿಲ್ಲ. ನಾನೊಮ್ಮೆ ಅವನನ್ನೇ ಕೇಳಿದ್ದೆ, ನಿನ್ನ ಹೆಸರನ್ನು ನೀನೇ ಯಾಕೆ ಕರೆದುಕೊಳ್ಳುತ್ತೀ ಎಂದು.

“ನನ್ನ ಹೆಸರಲ್ಲ ತಂಗಿ, ನಮ್ಮ ಉಸ್ತಾದರ ಹೆಸರು. ದಾವೂದ್ ನಬಿ ಅಂತ ಒಬ್ರು ಪ್ರವಾದಿ ಇದ್ರು. ಅವರ ಕೈಯಾಗ ಕಬ್ಬಿಣ ಅನ್ನೋದು ಕಣಕ ಆಗ್ತಿತ್ತು. ಅವರು ಹಾಡಿದ್ರ ಹಕ್ಕಿ ಬಂದು ಕೂರ್ತಿದ್ವು. ಬೆಂಕಿ ಕೆಲ್ಸ ಮಾಡೋರಿಗೆಲ್ಲ ಅವರೇ ಗುರು. ಈ ಓಣಿಯಾಗ ಆ ಹೆಸರಿನೋರು ಮೂರು ಮಂದಿ ಅದೀವಿ” ಎಂದಿದ್ದ.

ಮೂರು ಮಂದಿಯಲ್ಲಿ ಒಬ್ಬ ದರ್ಜಿ, ಇನ್ನೊಬ್ಬ ಜಟಕಾ ಹೊಡೆಯುವವನು. ಅವರಿಗೆ ಬೆಂಕಿಯ ಕೆಲಸ ಇರಲಿಲ್ಲ, ಆದ್ದರಿಂದ ಅವರ ಹೆಸರು ಬರೀ ಹೆಸರಾಗಿತ್ತು. ಇವನಿಗೆ ಮಾತ್ರ ಅದರ ಮೇಲೆ ಬಹಳ ಅಭಿಮಾನ. ಕೆಲಸ ಕೆಟ್ಟರೆ ಉಸ್ತಾದರ ಹೆಸರು ಕೆಡುತ್ತದೆ ಎಂದು ಹೇಳಿ, ಚೆನ್ನಾಗಿಯೇ ಇದ್ದ ಪಾತ್ರೆಯನ್ನು ಎರಡನೇ ಸಲ ಕಾಯಿಸಿ ತವರ ತೀಡುತ್ತಿದ್ದ.

ಡೇವಿಡ್ಡರು ಸೊರಬದ ಪೇಟೆಯಲ್ಲಿ ಒಂದು ಕೋಣೆ ಹಿಡಿದು ಔಷಧಿ ಕೊಡುತ್ತಿದ್ದ ಕಂಪೌಂಡರು. ಕರಾವಳಿಯ ಕಡೆಯ ಕ್ರೈಸ್ತರು. ಬಿಳಿ ಪ್ಯಾಂಟು, ತಲೆಗೆ ಎಣ್ಣೆ, ಮೆತ್ತಗಿನ ಮಾತು. ನಮ್ಮ ಮಾವನವರು ಅವರು ಬೆರೆಸಿಕೊಟ್ಟ ಕೆಂಪು ನೀರನ್ನು ಕಣ್ಣಿಗೊತ್ತಿಕೊಂಡು ಕುಡಿಯುತ್ತಿದ್ದರು. ಅದಕ್ಕೆ ಯಾವ ಮೈಲಿಗೆಯೂ ಇರಲಿಲ್ಲ. ಔಷಧಿಗೆ ದೋಷವಿಲ್ಲ ಎಂದು ಅತ್ತೆಯವರು ತೀರ್ಮಾನ ಮಾಡಿಟ್ಟಿದ್ದರು. ಅವರಿಗೇ ಆಗಾಗ ಸೊಂಟ ನೋಯುತ್ತಿತ್ತಲ್ಲ.

ಒಂದು ಮಧ್ಯಾಹ್ನ ಜಗಲಿಯಲ್ಲಿ ಮಾತಾಡುತ್ತ ಮಾವನವರು ಅವರ ಹೆಸರಿನ ಅರ್ಥ ಕೇಳಿದರು. ನಾನು ಬಾಗಿಲ ಹಿಂದೆ ಅಕ್ಕಿ ಆರಿಸುತ್ತಿದ್ದೆ. ಅದು ಹೀಬ್ರೂ ಎಂಬ ಹಳೇ ಭಾಷೆಯ ಹೆಸರು, ಪ್ರೀತಿಗೆ ಪಾತ್ರನಾದವನು ಎಂದು ಅರ್ಥ, ಯಹೂದ್ಯರ ದೊಡ್ಡ ರಾಜನ ಹೆಸರು ಎಂದರು ಡೇವಿಡ್ಡರು. ಕುರಿ ಕಾಯುತ್ತಿದ್ದ ಹುಡುಗ ಕವಣೆಯಲ್ಲಿ ಕಲ್ಲು ಬೀಸಿ ರಾಕ್ಷಸನಂಥ ಆಳನ್ನು ಕೆಡವಿದ್ದು, ದೇವರ ಹಾಡು ಕಟ್ಟಿದ್ದು, ರಾಜನಾದದ್ದು ಎಲ್ಲ ಹೇಳಿದರು. ಮುಂದೆ ದೂರದೂರದ ದೇಶಗಳಲ್ಲೂ ಆ ಹೆಸರಿನ ರಾಜರು ಆಗಿಹೋದರಂತೆ, ಸಂತರೂ ಆದರಂತೆ. ಆಮೇಲೆ ದನಿ ತಗ್ಗಿಸಿ, ಆ ರಾಜ ಒಂದು ಹೊಲಸು ಕೆಲಸವನ್ನೂ ಮಾಡಿದ ಎಂದರು. ಇನ್ನೊಬ್ಬನ ಹೆಂಡತಿಯನ್ನು ಕರೆಸಿಕೊಂಡ. ಅವಳ ಗಂಡನನ್ನು ಯುದ್ಧದಲ್ಲಿ ಮುಂದೆ ನಿಲ್ಲಿಸಿ ಸಾಯುವಂತೆ ಮಾಡಿದ. ಸಾಧುವೊಬ್ಬ ಬಂದು ಸಭೆಯಲ್ಲಿ ಅದನ್ನು ಎತ್ತಿ ಆಡಿದಾಗ, ಹೌದು, ತಪ್ಪು ನನ್ನದೇ ಎಂದು ಒಪ್ಪಿಕೊಂಡ. ಅದಕ್ಕೇ ಅವನನ್ನು ಇವತ್ತಿಗೂ ನೆನೆಯುತ್ತೇವೆ ಎಂದರು.

“ರಾಜರಂದ್ರೆ ಹಂಗೇ ಬಿಡಿ” ಎಂದು ಮಾವನವರು ತಲೆಯಾಡಿಸಿದರು. ನನ್ನ ಗಂಡ ಅಲ್ಲೇ ಕಂಬಕ್ಕೊರಗಿ ನಿಂತಿದ್ದರು. ನಾನು ಹಿಂದಿನ ದಿನ ದಾವೂದ್ ನಬಿಯ ಹಾಡಿನ ಕಥೆ ಹೇಳಿದ್ದು ನೆನಪಾಗಿ, ನಮ್ಮ ಕಲಾಯಿ ಸಾಬನ ಹೆಸರೂ ಅದೇ ಅಲ್ಲವೇ ಎಂದರು. ಹೌದು, ಅದೇ ಹೆಸರು, ಅರಬಿಯವರ ಬಾಯಲ್ಲಿ ದಾವೂದ್ ಆಗುತ್ತದೆ ಎಂದರು ಡೇವಿಡ್ಡರು. ಮಾವನವರಿಗೆ ಅದು ಹಿಡಿಸಲಿಲ್ಲ.

“ಹೆಸರು ಒಂದೇ ಆದ್ರೆ ಎಂತಾತು? ಅವನ್ನ ತಂದು ನಿಮ್ಮ ಪಕ್ಕ ಕೂರ್ಸಾಕಾಗ್ತದಾ?” ಎಂದು ನಕ್ಕರು. ಡೇವಿಡ್ಡರೂ ನಕ್ಕರು. ಕುರ್ಚಿಯಲ್ಲಿ ಕೂತ ಮನುಷ್ಯ ಹಾಗೆ ನಕ್ಕದ್ದು ಕಂಡು ನನಗೆ ಮೊದಲ ಸಲ ಅವರ ಮೇಲೆ ಅಸಹ್ಯವಾಯಿತು.

ಆ ಬೇಸಿಗೆಯಲ್ಲಿ ಮಾವನವರ ತಾಯಿ ತೀರಿಕೊಂಡು ವರ್ಷ ತುಂಬಿತು. ವರ್ಷದ ಗಣಾರಾಧನೆಗೆ ಇನ್ನೂರು ಜನರ ಊಟ. ಪೂಜೆಗೆ ಜಂಗಮ ಅಯ್ಯನವರನ್ನು ಜಡೆ ಊರಿನ ಕಡೆಯಿಂದ ಕರೆಸುವುದೆಂದಾಯಿತು. ಅಟ್ಟದ ಮೇಲಿದ್ದ ದೊಡ್ಡ ತಾಮ್ರದ ಕೊಪ್ಪರಿಗೆಯನ್ನು ಇಳಿಸಿದರೆ ಒಳಗೆಲ್ಲ ಹಸಿರು ಕಿಲುಬು. ವರ್ಷಕ್ಕೆರಡು ಸಲ ಸೊರಬಕ್ಕೆ ಬಂದು ಕೆರೆ ಏರಿಯ ಮಗ್ಗುಲಲ್ಲಿ ಬೆಂಕಿ ಹೂಡುವ ದಾವೂದ್ ಆಗ ಊರಲ್ಲೇ ಇದ್ದ. ಆಳುಗಳು ಕೊಪ್ಪರಿಗೆಯನ್ನು ಅಲ್ಲಿಗೆ ಹೊತ್ತೊಯ್ದರು. ಕಣ್ಣಿಟ್ಟು ನೋಡಿಕೊಂಡು ಬಾ ಎಂದು ಅತ್ತೆಯವರು ನನ್ನನ್ನು ಹಿಂದೆ ಕಳಿಸಿದರು.

ಅವನು ಕೊಪ್ಪರಿಗೆಯೊಳಗೆ ಮರಳು ಹಾಕಿ, ಹಳೇ ಬಟ್ಟೆ ಹಾಕಿ, ಬರಿಗಾಲಲ್ಲಿ ಇಳಿದು, ಮರದ ಕೊಂಬೆ ಹಿಡಿದುಕೊಂಡು ಸೊಂಟ ತಿರುವುತ್ತ ಒಂದು ಗಂಟೆ ತುಳಿದ. ಕಿಲುಬು ಬಿಡಿಸುವುದು ಹಾಗೆಯೇ, ಬೇರೆ ದಾರಿ ಇಲ್ಲ. ಆಮೇಲೆ ತಿದಿ ಮುಟ್ಟಿ ಉಸ್ತಾದರ ಹೆಸರು ಹೇಳಿ ಬೆಂಕಿ ಎಬ್ಬಿಸಿದ. ಕಾದ ತಾಮ್ರಕ್ಕೆ ನವಸಾಗರದ ಪುಡಿ ಎರಚಿದಾಗ ಬಿಳಿ ಹೊಗೆ ಎದ್ದಿತು. ಕರಗಿದ ತವರವನ್ನು ಹತ್ತಿಯ ಉಂಡೆಯಿಂದ ಒಳಮೈಗೆಲ್ಲ ಎರಡು ಸಲ ತೀಡಿದ. ಕೊಪ್ಪರಿಗೆ ಬೆಳ್ಳಗೆ ಬೆಳಗಿತು. ನನ್ನ ಮುಖ ಅದರೊಳಗೆ ಕಾಣುತ್ತಿತ್ತು.

“ಹೊಸಾ ಕಲಾಯಿ ಐತಿ ತಂಗಿ. ಬರೀ ಬಿಸಿನೀರು ಹಾಕಿ ತೊಳೀರಿ, ಸಾಕು. ಇಟ್ಟಂಗಿ ಪುಡಿ, ಮಣ್ಣು ಏನೂ ಮುಟ್ಟಿಸಬ್ಯಾಡ್ರಿ. ನಿಮ್ಮತ್ತಿಗೂ ಹೇಳ್ರಿ” ಎಂದ.

ನಾನು ಹೇಳಿದೆ. ಅತ್ತೆಯವರು ಕೇಳಿದ್ದೇ ಬೇರೆ. ಒಳಗೆ ಇಳಿದು ತುಳಿದನೇ ಎಂದು ಕೇಳಿದರು. ಹೌದು ಎಂದೆ.

“ಸಾಬ ಕಾಲಲ್ಲಿ ಕುಣಿದ ಕೊಪ್ಪರಿಗೇಲಿ ಅಯ್ಯನೋರಿಗೆ ಪ್ರಸಾದ ಮಾಡಾದ್ಹೆಂಗೆ? ತಿಕ್ಕು. ಮೂರು ಸಲ ತಿಕ್ಕಬೇಕು” ಎಂದರು.

ಸಣ್ಣ ಪಾತ್ರೆಗಳನ್ನೂ ಅವನು ಕಾಲಿಂದಲೇ ಉಜ್ಜುತ್ತಿದ್ದ. ಅವುಗಳಿಗೆ ಬಿಸಿನೀರು ಸುರಿದು ವಿಭೂತಿ ಸವರಿ ಒಳಗೆ ತೆಗೆದುಕೊಳ್ಳುತ್ತಿದ್ದೆವು. ಅಯ್ಯನವರ ಊಟವೆಂದ ಮೇಲೆ ಅಷ್ಟು ಸಾಲದಾಯಿತು. ನಾನು ಸೀರೆ ಎತ್ತಿ ಕಟ್ಟಿ ಕೊಪ್ಪರಿಗೆಯೊಳಗೇ ಕುಕ್ಕರುಗಾಲಲ್ಲಿ ಕೂತು, ಇಟ್ಟಿಗೆ ಪುಡಿ, ಹುಣಸೆಹಣ್ಣು, ತೆಂಗಿನ ನಾರು ತೆಗೆದುಕೊಂಡು ತಿಕ್ಕಿದೆ. ಅತ್ತೆಯ ಭಯಕ್ಕೆ ತಿಕ್ಕಿದೆ ಎಂದು ಬರೆದರೆ ನಾನು ಚೆನ್ನಾಗಿ ಕಾಣುತ್ತೇನೆ. ಆದರೆ ಅವನ ಒಡೆದ ಹಿಮ್ಮಡಿ, ಉಗುರಿನ ಸಂದಿಯ ಕರಿ, ಬೆವರು ಇಳಿಯುತ್ತಿದ್ದ ಮೀನಖಂಡ ಎಲ್ಲ ನನ್ನ ಕಣ್ಣಮುಂದೆಯೇ ಇದ್ದವು. ನನಗೂ ಹೇಸಿಗೆಯಾಗಿತ್ತು. ಅವನು ಮನೆಯ ಹಿಂದಿನ ಓಣಿಯವನು, ನನ್ನನ್ನು ತಂಗಿ ಎಂದು ಕರೆಯುವವನು, ಆದರೂ ಆಗಿತ್ತು. ಮೂರನೇ ಸಲಕ್ಕೆ ಬಿಳುಪು ಹರಿದು ಅಲ್ಲಲ್ಲಿ ತಾಮ್ರದ ಕೆಂಪು ಕಂಡಿತು. ಅತ್ತೆಯವರಿಗೆ ತೋರಿಸಿದೆ.

“ತಾಮ್ರದ ಕೊಪ್ಪರಿಗೇಲಿ ತಾಮ್ರ ಕಾಣದೆ ಎಂತ ಕಾಣ್ತದೆ? ಈಗ ಶುದ್ಧ ಆತು ನೋಡು” ಎಂದರು.

ಮರುದಿನ ಬೆಳಿಗ್ಗೆ ಬೇಗನೆ ಅದರಲ್ಲಿ ಹುಣಸೆಹುಳಿ ಹಿಂಡಿ ಕುಂಬಳಕಾಯಿ ಹುಳಿ ಮಾಡಿದರು. ಅಯ್ಯನವರು ಬಸ್ಸು ತಪ್ಪಿಸಿಕೊಂಡು ಎರಡು ಗಂಟೆ ತಡವಾಗಿ ಬಂದರು. ಅವರ ಪಾದಪೂಜೆ ಮುಗಿಯುವವರೆಗೆ ಯಾರೂ ಎಲೆ ಮುಂದೆ ಕೂರುವಂತಿರಲಿಲ್ಲ. ಹುಳಿ ಅಷ್ಟು ಹೊತ್ತೂ ಕೊಪ್ಪರಿಗೆಯಲ್ಲೇ ನಿಂತಿತ್ತು. ಬಡಿಸುವಾಗ ನನಗೆ ಅದರ ವಾಸನೆ ಬೇರೆಯಾಗಿದೆ ಎನಿಸಿತು. ಹೇಳಲಿಲ್ಲ. ಅಯ್ಯನವರು ಮೊದಲ ತುತ್ತಿಗೇ ಮುಖ ಕಿವುಚಿದರು. ಆದರೆ ಅವರು ಹುಗ್ಗಿಯ ಆಸೆಯವರು, ಹುಳಿಯನ್ನು ಪಕ್ಕಕ್ಕೆ ಸರಿಸಿ ಹುಗ್ಗಿಯನ್ನೇ ಮೂರು ಸಲ ಹಾಕಿಸಿಕೊಂಡರು. ಮರ್ಯಾದೆಗೆ ಅಂಜಿ ಹುಳಿ ಕಲಸಿ ಉಂಡವರು ಮಾತ್ರ ಸಿಕ್ಕಿಬಿದ್ದರು.

ಎರಡನೇ ಪಂಕ್ತಿ ಏಳುವ ಹೊತ್ತಿಗೆ ವಾಂತಿ ಶುರುವಾಯಿತು. ಅಂಗಳದಲ್ಲಿ, ಬೇಲಿಯ ಬುಡದಲ್ಲಿ, ಕೈ ತೊಳೆಯುವ ಕಲ್ಲಿನ ಮೇಲೆ, ಬಾವಿಕಟ್ಟೆಯ ಹಿಂದೆ. ದೊಡ್ಡ ದೊಡ್ಡ ಪೇಟದವರು ಹೊಟ್ಟೆ ಹಿಡಿದುಕೊಂಡು ಕೂತರು. ಕುಪ್ಪಗಡ್ಡೆಯಿಂದ ಬಂದಿದ್ದ ಒಬ್ಬ ಮುದುಕರು ಪಂಚೆಯಲ್ಲೇ ಮಾಡಿಕೊಂಡರು. ಅವರನ್ನು ತೊಳೆಯಲು ಅವರ ಸ್ವಂತ ಮಗ ಮುಂದೆ ಬರಲಿಲ್ಲ, ಮೈಲಿಗೆ ತೆಗೆಯುವ ಆಳನ್ನು ಕರೆಯಿರಿ ಎಂದ. ನೊಣ, ಹುಳಿವಾಸನೆ, ಬಿಸಿಲು. ಬಕೆಟ್ಟು ಹಿಡಿದು ಬೂದಿ ಸುರಿಯುತ್ತ ಓಡಾಡಿದವರಲ್ಲಿ ನಾನೂ ಒಬ್ಬಳು. ಯಾರೂ ಸಾಯಲಿಲ್ಲ. ಮುದುಕರು ಮಾತ್ರ ಮೂರು ದಿನ ಹಾಸಿಗೆ ಹಿಡಿದರು.

ಡೇವಿಡ್ಡರು ಚೀಲ ಹಿಡಿದುಕೊಂಡು ಬಂದರು. ಎಲ್ಲರಿಗೂ ಔಷಧಿ ಕುಡಿಸಿ, ಆಮೇಲೆ ಅಡುಗೆಯ ಚಪ್ಪರಕ್ಕೆ ಹೋಗಿ ಕೊಪ್ಪರಿಗೆಯನ್ನು ಬಗ್ಗಿಸಿ ನೋಡಿದರು. ಒಳಗೆ ಬೆರಳಾಡಿಸಿದರು. ಗೀಚುಗಳನ್ನು ನೋಡಿದರು. ಪಕ್ಕದಲ್ಲಿ ನಿಂತಿದ್ದ ನನ್ನ ಕೈ ನೋಡಿದರು, ಉಗುರುಗಳಲ್ಲಿ ಇಟ್ಟಿಗೆಯ ಕೆಂಪು ಇನ್ನೂ ಹೋಗಿರಲಿಲ್ಲ. ಅವರಿಗೆ ಅರ್ಥವಾಯಿತು. ಅವರಿಗೆ ಅರ್ಥವಾದದ್ದು ನನಗೂ ಅರ್ಥವಾಯಿತು.

“ಕಲಾಯಿ ಸರಿ ಹಾಕಿಲ್ಲ, ಅಲ್ವಾ?” ಎಂದು ಮಾವನವರು ಕೇಳಿದರು.

“ಕಲಾಯಿ ಇಲ್ಲ ಸಾಹುಕಾರ್ರೇ. ಅದು ನಿಜ” ಎಂದರು ಡೇವಿಡ್ಡರು.

ಅಷ್ಟೇ ಹೇಳಿದ್ದು. ಸುಳ್ಳು ಒಂದಕ್ಷರ ಇಲ್ಲ. ಅಷ್ಟು ಸಾಕಾಯಿತು. ತಮ್ಮ ಹೆಸರಿನ ರಾಜ ಸಭೆಯಲ್ಲಿ ತಪ್ಪು ಒಪ್ಪಿಕೊಂಡ ಕಥೆಯನ್ನು ಇದೇ ಜಗಲಿಯಲ್ಲಿ ಹೇಳಿದ್ದ ಮನುಷ್ಯ ಚೀಲ ಮುಚ್ಚಿ ಕುರ್ಚಿಯಲ್ಲಿ ಕೂತು ಮಜ್ಜಿಗೆ ಕುಡಿದರು. ಅವರಿಗೂ ಈ ಊರಲ್ಲಿ ಬಾಳಬೇಕಿತ್ತು, ಅವರ ಔಷಧಿ ಕೋಣೆಯ ಮಾಲೀಕರು ನಮ್ಮ ಮಾವನವರೇ ಎಂದು ನನಗೆ ಗೊತ್ತು. ಗೊತ್ತಿದ್ದರೂ ಆ ಮಜ್ಜಿಗೆಯ ಲೋಟವನ್ನು ನಾನು ಇನ್ನೂ ಮರೆತಿಲ್ಲ.

ಸಂಜೆಯ ಒಳಗೆ ದಾವೂದನನ್ನು ಕರೆಸಿದರು. ಬೇಲಿಯ ಹತ್ತಿರ ನಿಂತ. ಕೊಪ್ಪರಿಗೆಯನ್ನು ಅಂಗಳಕ್ಕೆ ತಂದು ಅವನ ಮುಂದೆ ಉರುಳಿಸಿದರು. ಅವನು ಬಗ್ಗಿ ಒಳಗೆ ನೋಡಿದ. ಮುಖದಲ್ಲಿ ಮೊದಲು ಬಂದದ್ದು ಭಯವಲ್ಲ, ಸಂಕಟ. ನಿನ್ನೆ ತಾನು ಮಾಡಿದ್ದ ಕೆಲಸ ಹಾಗಾಗಿದ್ದನ್ನು ಕಂಡ ಸಂಕಟ.

“ತಿಕ್ಕ್ಯಾರ್ರೀ ಇದನ್ನ. ಇಟ್ಟಂಗಿ ಹಾಕಿ ತಿಕ್ಕ್ಯಾರ. ನಾನು ತವರ ಹಾಕೀನ್ರಿ, ಎರಡು ಸಲ ಹಾಕೀನಿ. ದಾವೂದ್ ನಬಿ ಆಣೆ ಐತಿ” ಎಂದ.

“ನಿನ್ನ ಹೆಸರಿನ ಮೇಲೆ ನೀನೇ ಆಣೆ ಇಡ್ತೀಯಾ?” ಎಂದು ಯಾರೋ ಅಂದರು. ಹೊಟ್ಟೆ ಹಿಡಿದುಕೊಂಡಿದ್ದವರೂ ನಕ್ಕರು.

“ಮನಿಯಾಗ ಯಾರು ತೊಳೆದ್ರು, ಅವರನ್ನ ಕೇಳ್ರಿ” ಎಂದ.

“ಬಿಸಿನೀರಲ್ಲೇ ತೊಳೆದದ್ದು. ನಾನೇ ನಿಂತು ನೋಡಿನಿ” ಎಂದರು ಅತ್ತೆಯವರು, ಹಣೆಯ ವಿಭೂತಿ ಸರಿಮಾಡಿಕೊಳ್ಳುತ್ತ.

ಅವನು ನನ್ನನ್ನು ನೋಡಿದ. ನಾನು ಬಾಗಿಲಲ್ಲಿದ್ದೆ. ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಿದ್ದೆ. ಹೌದು, ನಾನೇ ತಿಕ್ಕಿದೆ ಎನ್ನಲು ಮೂರು ಮಾತು ಸಾಕಿತ್ತು. ನಾನು ನೆಲ ನೋಡಿದೆ. ಇನ್ನು ಸೊರಬದಲ್ಲಿ ಬೆಂಕಿ ಹೂಡಬೇಡ ಎಂದು ಅವನಿಗೆ ಹೇಳಿ ಕಳಿಸಿದರು. ಕೆರೆ ಏರಿಯ ಹತ್ತಿರ ಯಾರೋ ಹೋಗಿ ಅವನ ತಿದಿಯ ತೊಗಲನ್ನು ಕುಡುಗೋಲಿನಿಂದ ಸೀಳಿದರಂತೆ.

ಒಂದು ವಾರ ಕಳೆದ ಮೇಲೆ ನನ್ನ ಗಂಡನಿಗೆ ಹೇಳಿದೆ, ಕಲಾಯಿ ಹೋದದ್ದು ನನ್ನ ಕೈಯಿಂದ ಎಂದು. ಅವರು ವೀಳ್ಯದೆಲೆಯ ತೊಟ್ಟು ಮುರಿಯುತ್ತ, “ಗೊತ್ತು. ಅಪ್ಪನಿಗೂ ಗೊತ್ತು. ಈಗ ಅದನ್ನ ಎತ್ತಿ ಎಂತ ಮಾಡಾದು?” ಎಂದರು. ಎಲ್ಲರಿಗೂ ಗೊತ್ತಿತ್ತು. ತಪ್ಪಾಯಿತು ಎಂದುಕೊಂಡವರು ಯಾರೂ ಇರಲಿಲ್ಲ. ಮನೆಯ ಮರ್ಯಾದೆ ಉಳಿಯಿತು ಎಂದು ಎಲ್ಲರೂ ನೆಮ್ಮದಿಯಾಗಿ ಉಂಡು ಮಲಗುತ್ತಿದ್ದರು.

ನಾಲ್ಕು ತಿಂಗಳಾದ ಮೇಲೆ ಬಸುರಿಯಾಗಿ ತವರಿಗೆ ಹೋದೆ. ಸುದ್ದಿ ನನಗಿಂತ ಮುಂಚೆ ಬಸ್ಸು ಹತ್ತಿ ಶಿಕಾರಿಪುರಕ್ಕೆ ಬಂದಿತ್ತು. ಸೊರಬದಲ್ಲಿ ಇನ್ನೂರು ಜನಕ್ಕೆ ವಿಷವಾಯಿತು, ತವರದ ಬದಲು ಏನೋ ಬಳಿದಿದ್ದನಂತೆ ಎಂದು ಜನ ಆಡಿಕೊಳ್ಳುತ್ತಿದ್ದರು. ದಾವೂದ್ ಕಲಾಯಿ ಬಿಟ್ಟು ಬೀಡಿ ಕಟ್ಟುತ್ತಿದ್ದಾನೆ ಎಂದು ನನ್ನವ್ವ ಹೇಳಿದಳು. ಬಳೆ ಕೊಳ್ಳುವ ನೆಪ ಹೇಳಿ ಒಂದು ಮಧ್ಯಾಹ್ನ ಹಿಂದಿನ ಓಣಿಗೆ ಹೋದೆ.

ಅವನು ಹೊಸ್ತಿಲ ಹತ್ತಿರ ಮೊರ ಇಟ್ಟುಕೊಂಡು ಎಲೆ ಕತ್ತರಿಸುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ, ಒಳಗಿಂದ ಚಾಪೆ ತರಿಸಿ ಹಾಸಿಸಿದ. ನಾನು ಕೂತು, ಅಂದು ತಿಕ್ಕಿದವಳು ನಾನು ಎಂದೆ.

“ಗೊತ್ತೈತಿ ತಂಗಿ” ಎಂದ. ಕೆಲಸ ಹೋದದ್ದು ಸೊರಬದವರಿಂದ ಅಲ್ಲ ಎಂದು ಹೇಳಿದ. ಸೊರಬ ಇಲ್ಲದಿದ್ದರೆ ಇನ್ನೊಂದು ಊರು ಇತ್ತು. ಕಲಾಯಿಯವರ ಹಿರಿಯರು ಕೂತು ತೀರ್ಮಾನ ಮಾಡಿದ್ದರು. ಕೆಲಸದಲ್ಲಿ ಮೋಸ ಮಾಡಿದ ಎಂಬ ಮಾತು ಹೊತ್ತವನು ಉಸ್ತಾದರ ಹೆಸರು ಹೇಳಿ ತಿದಿ ಒತ್ತುವಂತಿಲ್ಲ. ಆ ಹೆಸರು ಹೇಳದೆ ಇವನು ಬೆಂಕಿ ಹೊತ್ತಿಸುವವನಲ್ಲ.

“ಆ ಮನಿಯವರೊಬ್ರು ಬಂದು ನಾಕು ಮಂದಿ ಮುಂದ ಹೇಳಿದ್ರ ಸಾಕು ಅಂದಾರ. ದೊಡ್ಡೋರೇ ಆಗಬೇಕು ಅಂತಿಲ್ಲ. ನೀವು ಹೇಳ್ತೀರೇನು?” ಎಂದ.

“ಹೇಳ್ತೀನಿ” ಎಂದೆ. ಆ ಗಳಿಗೆಯಲ್ಲಿ ನಿಜವಾಗಿಯೇ ಅಂದೆ. ಅವನ ಮುಖ ಅರಳಿತು. ಇವತ್ತೇ ಕೂಡಿಸುತ್ತೇನೆ, ಹಿರಿಯರ ಮನೆ ಎರಡು ಹೆಜ್ಜೆ ಎಂದು ಚಪ್ಪಲಿ ಹುಡುಕಿದ. ಬಸುರಿ ಹೆಂಗಸು ಬಿಸಿಲಲ್ಲಿ ಬಂದಿದ್ದಾರೆ, ಮೊದಲು ನೀರು ಕೊಡು ಎಂದು ಹೆಂಡತಿಗೆ ಕೂಗಿ ಹೇಳಿದ.

ಅವಳು ತಟ್ಟೆಯ ಮೇಲೆ ಲೋಟ ಇಟ್ಟುಕೊಂಡು ಬಂದಳು. ಹಿತ್ತಾಳೆಯ ಲೋಟ, ಒಳಗೆ ಬೆಳ್ಳಗಿನ ಕಲಾಯಿ, ತಣ್ಣನೆಯ ನೀರು. ನನಗೆ ಬಾಯಾರಿ ಗಂಟಲು ಒಣಗಿತ್ತು. ಕೈ ಮುಂದೆ ಚಾಚಬೇಕೆಂದುಕೊಂಡೆ. ಕೈ ಏಳಲಿಲ್ಲ. ಕೊಪ್ಪರಿಗೆಯೊಳಗೆ ಕೂತಿದ್ದಾಗ ಬಂದಿದ್ದ ಹೇಸಿಗೆಯೇ ಮತ್ತೆ ಬಂತು. ಈಗ ಬೇಡ, ಬಾಯಾರಿಕೆ ಇಲ್ಲ ಎಂದೆ. ತುಟಿ ಒಣಗಿ ಅಂಟಿಕೊಂಡಿದ್ದರಿಂದ ಆ ಮಾತೂ ಸರಿಯಾಗಿ ಹೊರಡಲಿಲ್ಲ.

ಅವನು ನನ್ನ ಕೈ ನೋಡಿದ, ಲೋಟ ನೋಡಿದ. ಕೋಪ ಮಾಡಲಿಲ್ಲ. ಹೆಂಡತಿಗೆ, “ಒಳಗ ತಗೊಂಡ್ಹೋಗು” ಎಂದ. ಕಾಲಿಗೆ ಹಾಕಿದ್ದ ಒಂದು ಚಪ್ಪಲಿಯನ್ನು ಕಳಚಿ ಪಕ್ಕಕ್ಕಿಟ್ಟು ಮತ್ತೆ ಮೊರದ ಮುಂದೆ ಕೂತ.

“ಹೋಗಿ ಬರ್ರಿ ತಂಗಿ. ಬಿಸಿಲು ಐತಿ” ಎಂದ.

ಮನೆಗೆ ಬಂದು ನಿಂತಲ್ಲೇ ಎರಡು ಚೊಂಬು ನೀರು ಕುಡಿದೆ. ಆರೇಳು ತಿಂಗಳು ತವರಿನಲ್ಲಿದ್ದೆ, ಹೆರಿಗೆಯಾಯಿತು, ಬಾಣಂತನ ಮುಗಿಯಿತು. ಹಿರಿಯರ ಮನೆ ಎರಡು ಹೆಜ್ಜೆಯಷ್ಟೇ ಇತ್ತು. ನಾನು ಹೋಗಿ ಹೇಳಲಿಲ್ಲ.